ಹಿಂದಿನ ತಂತಿಯ ಎರಡು ಸುತ್ತು

ಸುಕ್ಕೋ ನೆರಳೋ — ನೆರಳಾದರೆ ದೋಣಿ ತಿರುಗಿದಾಗ ಜಾರಿ ಹೋಗಬೇಕು, ಸುಕ್ಕಾದರೆ ಅಲ್ಲೇ ಇರಬೇಕು, ಹಾಯಿಕಂಬದ ನಡುವಿನಿಂದ ಹಾಯಿಯ ಕೆಳಮೂಲೆಗೆ ಓರೆಯಾಗಿ ಇಳಿದ ಆ ಗೆರೆ, ದವಡೆ ಹಲ್ಲು ಕಳಕೊಂಡವರ ಕೆನ್ನೆಯಲ್ಲಿ ಇಳಿಯುತ್ತದಲ್ಲ ಹಾಗೆ, ಅಂಥ ಗೆರೆ ನೋಡಿದರೆ ಸಾಕು, ಬಾಯಿ ತೆರೆಸದೆಯೇ ಒಳಗೆ ಎಷ್ಟು ಹಲ್ಲು ಉಳಿದಿವೆ ಎಂದು ಹೇಳಬಲ್ಲವನು ಚೂಂಗ್ ವೈ ಮುನ್, ತೈಪಿಂಗ್ ಊರಿನ ಅರ್ಧದಷ್ಟು ಬಾಯಿಗಳಿಗೆ ಕೈ ಹಾಕಿ ನಿವೃತ್ತನಾದ ದಂತವೈದ್ಯ, ಆದರೆ ಕೆರೆಯ ನಡುವೆ, ಅಷ್ಟು ದೂರದಲ್ಲಿ, ತೊಟ್ಟಿಲಿನಷ್ಟು ಉದ್ದದ ದೋಣಿಯೊಂದರ ಹಾಯಿಯಲ್ಲಿ ಇರುವುದು ಸುಕ್ಕೋ ನೆರಳೋ ಎಂದು ಹೇಳಲಾರ, ದೂರದ ಕನ್ನಡಕ ಕಾರಿನಲ್ಲಿದೆ, ಕಾರು ಮಳೆಮರದ ಕೆಳಗಿದೆ, ಪಂದ್ಯ ನಡೆಯುತ್ತಿದೆ, ಕೈಯಲ್ಲಿ ದಡದಿಂದಲೇ ದೋಣಿ ನಡೆಸುವ ರೇಡಿಯೊ ಪೆಟ್ಟಿಗೆ ಇದೆ, ಅದರ ಎಡಗಡ್ಡಿ ಹಾಯಿಗೆ, ಬಲಗಡ್ಡಿ ಚುಕ್ಕಾಣಿಗೆ, ಎರಡು ಹೆಬ್ಬೆರಳೂ ತನ್ನ ದೋಣಿಯನ್ನು ನಡೆಸುತ್ತಿವೆ, ಕಣ್ಣು ಮಾತ್ರ ಇನ್ನೊಬ್ಬನ ದೋಣಿಯ ಮೇಲೆ, ಪಕ್ಕದ ಮನೆಯವಳನ್ನು ನೋಡುವವನ ಹಾಗೆ ಕದ್ದು ಕದ್ದು. ಡಾಕ್ಟ್ರೇ, ನಿಮ್ಮ ದೋಣಿ ಆ ಕಡೆ ಹೋಗ್ತಾ ಇದೆ, ನೀವು ಈ ಕಡೆ ನೋಡ್ತಾ ಇದೀರಿ, ಎಂದು ದಡದ ಇನ್ನೊಂದು ತುದಿಯಿಂದ ಧ್ವನಿವರ್ಧಕದಲ್ಲಿ ಹೇಳಿದರು ತಿಲ್ಲೈನಾಥನ್ ಮಾಸ್ಟರು, ಪಂದ್ಯದ ತೀರ್ಪುಗಾರರು, ಹೆಡ್‌ಮಾಸ್ಟರ್ ಕೆಲಸ ಬಿಟ್ಟು ಇಷ್ಟು ವರ್ಷವಾದರೂ ಎದುರಿಗಿದ್ದವರೆಲ್ಲ ಮನೆಪಾಠ ಬರೆಯದೆ ಬಂದವರು ಎಂಬಂತೆಯೇ ನೋಡುವವರು, ಗೊತ್ತು ಮಾಸ್ಟ್ರೇ ಗೊತ್ತು, ಎಂದ ಚೂಂಗ್, ಗೊತ್ತಿರಲಿಲ್ಲ, ಅವನ ದೋಣಿ ತಾವರೆ ಎಲೆಗಳ ಕಡೆ ಹೊರಟಿತ್ತು, ಎಳೆದು ತಿರುಗಿಸಿದ. ಅವನ ದೋಣಿಯ ಹೆಸರು ಎರಡನೆಯವಳು, ಹೆಂಡತಿ ಮೇ ಫೂನ್ ಇಟ್ಟದ್ದು, ಸಿಟ್ಟಿನಲ್ಲಿ ಇಟ್ಟಳು, ಇವನು ಅದನ್ನೇ ಅಂದವಾಗಿ ಬರೆಸಿದ. ಅಲ್ಲಿ ಮುಂದೆ ಹೋಗುತ್ತಿರುವ ದೋಣಿಯ ಹೆಸರು ಸಬಾರ್, ಅಂದರೆ ತಾಳ್ಮೆ, ಊರಿಗೆಲ್ಲ ತಾಳ್ಮೆಗೇಡಿಯಾದ ಹಾಜಿ ಜೊಹಾರಿಯ ದೋಣಿ, ಹತ್ತು ಹೆಜ್ಜೆಯಾಚೆ ಬಿಳಿ ಟೋಪಿ ಹಾಕಿಕೊಂಡು ಇವನ ಕಡೆ ಬೆನ್ನು ಮಾಡಿ ನಿಂತಿದ್ದಾನಲ್ಲ ಅವನದು, ಆ ಬೆನ್ನನ್ನೇ ಕಳೆದ ವರ್ಷದ ಪಂದ್ಯದಿಂದ ಚೂಂಗ್ ನೋಡುತ್ತಿರುವುದು, ಮುಖ ನೋಡಿದ್ದು ಕಡಿಮೆ, ಮಾತಂತೂ ಇಲ್ಲವೇ ಇಲ್ಲ. ಆದರೂ ಅವನ ದೋಣಿಯ ಹಾಯಿ ಕಟ್ಟಿದವನು ಚೂಂಗ್. ಅದು ಜೊಹಾರಿಗೆ ಗೊತ್ತಿಲ್ಲ. ಮತ್ತು ಕಟ್ಟಿದ್ದನ್ನು ಕೊನೆಗೆ ಕೆಡಿಸಿ ಬಿಟ್ಟೆನೋ, ಸರಿ ಮಾಡಿ ಬಿಟ್ಟೆನೋ — ಅದು ಚೂಂಗ್‌ಗೇ ಗೊತ್ತಿಲ್ಲ.

ಬಿಗಿದದ್ದು ನೆನಪಿದೆ, ಚೆನ್ನಾಗಿ ನೆನಪಿದೆ, ಅದರ ರುಚಿಯೂ ನೆನಪಿದೆ, ಬಾಯಲ್ಲಿ ಆಗ ಒಂದೆ-ಒಂದೆ ಎಂಬ ಸಿಹಿ ಇತ್ತು, ಹಸಿರು ಉಂಡೆ, ಕಚ್ಚಿದರೆ ಒಳಗಿನ ತಾಳೆಬೆಲ್ಲ ಒಡೆದು ಹರಿಯುತ್ತದೆ, ಹಲ್ಲಿಗೆ ಅದಕ್ಕಿಂತ ದೊಡ್ಡ ಶತ್ರು ಇಲ್ಲ, ಒಂದು ಡಬ್ಬಿ ತುಂಬ ತಂದಿದ್ದಳು ರೊಕಿಯಾ, ಜೊಹಾರಿಯ ಹೆಂಡತಿ, ಲಂಚ. ಗಂಡ ಮಸೀದಿಗೆ ಹೋದ ಹೊತ್ತು ನೋಡಿಕೊಂಡು ಬಂದಿದ್ದಳು, ಬಗಲಲ್ಲಿ ಬಾಟಿಕ್ ಸರೋಂಗಿನಲ್ಲಿ ಸುತ್ತಿದ ಏನೋ ಒಂದು, ಮೊಮ್ಮಗುವೇನೋ ಎಂದು ಮೇ ಫೂನ್ ಬಾಗಿಲಿಗೆ ಓಡಿ ಬಂದಳು, ಬಿಚ್ಚಿದರೆ ದೋಣಿ, ಕಂಬ ಕಳಚಿದ ದೋಣಿ, ಪಕ್ಕದಲ್ಲಿ ಕಂಬ, ಅದಕ್ಕೆ ಸುತ್ತಿಕೊಂಡ ತಂತಿ ನೂಲುಗಳ ಗೋಜಲು, ಕೋಳಿ ಕೆದರಿದ ಹಾಗೆ. ಡಾಕ್ಟ್ರೇ, ನಿಮ್ಮಿಬ್ಬರ ಜಗಳ ನಿಮ್ಮಿಬ್ಬರದು, ನಾನು ಮಧ್ಯೆ ಬರೋಳಲ್ಲ, ಆದ್ರೆ ಇದನ್ನ ಕಟ್ಟಿಕೊಡ್ಬೇಕು ನೀವು, ಅಂದಳು. ಅವನಿಗೇನು ಧಾಡಿ, ಅವನೇ ಕಟ್ಕೊಳ್ಳಲಿ, ಅಂದ ಚೂಂಗ್. ಕಟ್ಕೊಳ್ಳೋಕೆ ಆಗ್ತಾ ಇಲ್ಲ ಅವ್ರಿಗೆ. ಅಷ್ಟು ಹೇಳಿ ರೊಕಿಯಾ ಸುಮ್ಮನಾದಳು, ಸುಮ್ಮನಾಗುವ ಜಾತಿಯ ಹೆಂಗಸಲ್ಲ ಅವಳು, ಹಾಗಾಗಿ ಚೂಂಗ್ ಉಂಡೆಯ ಡಬ್ಬಿಯಿಂದ ಕೈ ತೆಗೆದ. ಕೈ ನಡುಗುತ್ತೆ, ಎರಡು ತಿಂಗಳಿಂದ, ಚಹಾದ ಬಟ್ಟಲು ಕೊಟ್ರೆ ಅರ್ಧ ತಟ್ಟೆಗೆ, ನನ್ನೆದುರು ಚಳಿ ಅಂತಾರೆ, ಈ ಊರಲ್ಲಿ ಯಾವ ಚಳಿ, ಮೊನ್ನೆ ಅಡುಗೆ ಮನೆ ಬಾಗಿಲಿಂದ ನೋಡ್ದೆ, ಗಂಟು ಹಾಕೋಕೆ ನೂಲಿನ ಮೇಲೆ ಬೆರಳಿಟ್ಟು ಒತ್ತಿ ಹಿಡ್ಕೊಂಡಿದಾರೆ, ಬೆರಳು ನಿಲ್ಲಲ್ಲ, ನೂಲು ಜಾರುತ್ತೆ, ಮತ್ತೆ ಇಡ್ತಾರೆ, ಮತ್ತೆ ಜಾರುತ್ತೆ, ಬೈಯಲೂ ಇಲ್ಲ ಡಾಕ್ಟ್ರೇ, ಅವ್ರು ಬೈದಿದ್ರೆ ನಾನು ಇಲ್ಲಿಗೆ ಬರ್ತಿರ್ಲಿಲ್ಲ. ಜೈಲಿನಲ್ಲಿ ವಾರ್ಡರ್ ಆಗಿದ್ದ ಜೊಹಾರಿ, ಬೈಗುಳವನ್ನೇ ಉಸಿರಾಡುತ್ತಿದ್ದ ಜೊಹಾರಿ, ಬೈಯದೆ ಕೂತ ಜೊಹಾರಿ — ಚೂಂಗ್‌ಗೆ ಅದು ಕಣ್ಣಿಗೆ ಕಟ್ಟಲಿಲ್ಲ, ಬೆರಳು ಮಾತ್ರ ಕಟ್ಟಿತು, ನೂಲಿನ ಮೇಲೆ ಇಟ್ಟ ಬೆರಳು. ಈ ಭಾನುವಾರ ಸರಿಯಾಗಿ ಓಡ್ಲಿಲ್ಲ ಅಂದ್ರೆ ದೋಣೀನ ಕೊಟ್ಬಿಡ್ತೀನಿ ಅಂತಿದಾರೆ, ದೋಣಿ ಹೋದ್ರೆ ದಿನವಿಡೀ ಮನೇಲೇ ಇರ್ತಾರೆ, ಅವ್ರು ಮನೇಲಿದ್ರೆ ನಾನು ಇರಲ್ಲ, ಈಗ್ಲೇ ಹೇಳ್ತೀನಿ, ನಿಮ್ಮನೆ ಮೇಲಿನ ಕೋಣೆ ಖಾಲಿ ಇದೆಯಲ್ಲ, ಅಲ್ಲಿಗೇ ಬರ್ತೀನಿ. ಬಾ ಬಾ, ಅಂದಳು ಮೇ ಫೂನ್, ನಾನೂ ಮೇಲೇ ಬರ್ತೀನಿ, ಇವ್ರು ಎರಡನೆಯವಳ ಜೊತೆ ಕೆಳಗಿರ್ಲಿ. ಯಾರು ಕಟ್ಟಿದ್ದು ಅಂತ ಅವನು ಕೇಳಿದ್ರೆ ಏನು ಹೇಳ್ತೀಯ, ಅಂದ ಚೂಂಗ್. ನನ್ನ ತಮ್ಮ ಬಕ್ತಿಯಾರ್ ಕಟ್ದ ಅಂತೀನಿ. ಬಕ್ತಿಯಾರ್‌ಗೆ ಬೂಟಿನ ದಾರ ಕಟ್ಟಲು ಬಾರದೆ ಮದುವೆಗೂ ಚಪ್ಪಲಿಯಲ್ಲೇ ಹೋದದ್ದು ಇಡೀ ಊರಿಗೆ ಗೊತ್ತಿತ್ತು, ಯಾರೂ ಅದನ್ನು ಎತ್ತಲಿಲ್ಲ.

ಊಟದ ಮೇಜಿನ ಮೇಲೆ ದೋಣಿ ನಿಲ್ಲಿಸಿ ಕಂಬ ಏರಿಸಿದಾಗ ಅವನಿಗೆ ಜಗಳ ಮರೆತೇ ಹೋಗಿತ್ತು, ನಿಜವಾಗಿ ಮರೆತಿತ್ತು, ಕೆಲಸವೇ ಹಾಗೆ, ಎರಡು ಪಕ್ಕದ ತಂತಿಗಳನ್ನು ಒಂದೇ ಸಮ ಬಿಗಿಯಬೇಕು, ಕಂಬ ಎಡಕ್ಕೂ ವಾಲಬಾರದು ಬಲಕ್ಕೂ ವಾಲಬಾರದು, ತುದಿಯಿಂದ ಒಂದು ಎಳೆ ಇಳಿಬಿಟ್ಟು ಗುಂಡು ಕಟ್ಟಿ ನೋಡಬೇಕು, ತಂತಿಯನ್ನು ಉಗುರಿನಿಂದ ಮೀಟಬೇಕು, ಎರಡೂ ಒಂದೇ ಸ್ವರ ನುಡಿಯಬೇಕು, ಹಾಯಿಯ ಬುಡದಲ್ಲಿ ಎರಡು ಬೆರಳು ಹೋಗುವಷ್ಟು ಹೊಟ್ಟೆ ಬಿಡಬೇಕು, ಹೊಟ್ಟೆ ಇಲ್ಲದ ಹಾಯಿ ಸಣ್ಣ ಗಾಳಿಗೆ ಓಡದು, ಮನುಷ್ಯರ ಹಾಗಲ್ಲ, ಹಾಯಿಯ ಅಂಚಿಗೆ ಉಣ್ಣೆಯ ಎಳೆ ಅಂಟಿಸಬೇಕು, ಗಾಳಿ ಸರಿ ಹರಿದರೆ ಎಳೆ ನೇರ ಹಾರುತ್ತದೆ, ಹರಿಯದಿದ್ದರೆ ಕುಡುಕನ ಹಾಗೆ ಒದ್ದಾಡುತ್ತದೆ, ಹಾಯಿಯನ್ನು ಕಂಬಕ್ಕೆ ಕಟ್ಟುವ ಪುಟ್ಟ ಬಳೆಗಳಿಗೆ ಹಲ್ಲಿನ ಸಂದಿ ತಿಕ್ಕುವ ಮೇಣದ ನೂಲೇ ಸರಿ, ಅದಕ್ಕಿಂತ ಗಟ್ಟಿ ನೂಲು ಇಲ್ಲ, ಪ್ರತಿ ಗಂಟಿಗೂ ವಸಡು ಹೊಲಿಯುವ ಗಂಟು, ಇನ್ನೊಬ್ಬ ಬಿಚ್ಚಲಾರ. ಕೊನೆಗೆ ಉಳಿಯಿತು ಹಿಂದಿನ ತಂತಿ. ಕಂಬದ ತುದಿಯಿಂದ ದೋಣಿಯ ಹಿಂಬದಿಗೆ ಇಳಿಯುವ ತಂತಿ, ಅದರ ಬುಡದಲ್ಲಿ ಒಂದು ತಿರುಪು, ಎಲ್ಲ ಜೀವ ಅದರಲ್ಲಿದೆ, ಬಿಗಿದರೆ ಕಂಬ ಬಿಲ್ಲಿನ ಹಾಗೆ ಬಾಗಿ ಹಾಯಿ ಚಪ್ಪಟೆಯಾಗುತ್ತದೆ, ಜೋರು ಗಾಳಿಗೆ ಅದು ಬೇಕು, ತೈಪಿಂಗಿನ ಕೆರೆಯಲ್ಲಿ ಜೋರು ಗಾಳಿ ಎಲ್ಲಿದೆ, ಸುತ್ತಲೂ ಆ ಮುದಿ ಮಳೆಮರಗಳು ನೀರಿಗೆ ಕೈ ಚಾಚಿ ಮಲಗಿವೆ, ಇಲ್ಲಿ ಗಾಳಿ ಬರುವುದು ಸಾಲ ಕೇಳಲು ಬಂದವನ ಹಾಗೆ, ಬರಲೋ ಬೇಡವೋ ಎಂದು, ಹಾಗಾಗಿ ತಂತಿ ಸಡಿಲವಿರಬೇಕು, ಸಡಿಲವಾಗಿಯೇ ಇಟ್ಟ, ಮೀಟಿದ, ಚೆನ್ನಾಗಿತ್ತು. ಆಗ ಹಲ್ಲು ನೆನಪಾಯಿತು.

ಜಗಳವಲ್ಲ, ಹಲ್ಲು. ಜಗಳವನ್ನು ನುಂಗಬಹುದಿತ್ತು. ಜಗಳ ಕಳೆದ ವರ್ಷದ ಪಂದ್ಯದ ಕೊನೆಯ ತೇಲುಗುಂಡಿನ ಹತ್ತಿರ ಆದದ್ದು, ಬಲಗಡೆಯಿಂದ ಗಾಳಿ ತುಂಬಿಕೊಂಡು ಬರುವ ದೋಣಿಗೆ ಎಡಗಾಳಿಯ ದೋಣಿ ದಾರಿ ಬಿಡಬೇಕು, ಅದು ನಿಯಮ, ಜೊಹಾರಿ ಬಲಗಾಳಿ ಎಂದು ಕೂಗಿದ, ಚೂಂಗ್ ಅವನ ಮುಂದಿನಿಂದಲೇ ದಾಟಿ ಹೋದ, ಒಂದು ಗೇಣು ಜಾಗ ಇತ್ತು, ಇವತ್ತಿಗೂ ಹೇಳುತ್ತಾನೆ ಒಂದು ಗೇಣು ಇತ್ತು. ವಿಚಾರಣೆ ನಡೆದದ್ದು ಕೆರೆ ಪಕ್ಕದ ರೊಟ್ಟಿ ಅಂಗಡಿಯಲ್ಲಿ, ತಿಲ್ಲೈನಾಥನ್ ಮಾಸ್ಟರು ಸಕ್ಕರೆ ಡಬ್ಬಿಯನ್ನು ಜೊಹಾರಿ ಮಾಡಿದರು, ಮೆಣಸಿನ ಸಾಸಿನ ಬಾಟಲಿಯನ್ನು ಚೂಂಗ್ ಮಾಡಿದರು, ಗಾಳಿ ಯಾವ ಕಡೆಯಿಂದ ಎಂದು ತೋರಿಸಲು ತಾವೇ ಬಾಯಿಂದ ಊದಿದರು, ರೊಟ್ಟಿ ತಣ್ಣಗಾಯಿತು, ಕೊನೆಗೆ ಬಾಟಲಿಯದು ತಪ್ಪಿಲ್ಲ ಎಂದರು. ಆಗ ಜೊಹಾರಿ ಎದ್ದು ಹೇಳಿದ, ಜೈಲಲ್ಲಿ ಸಾವಿರ ಕಳ್ಳರನ್ನ ನೋಡಿದೀನಿ ನಾನು, ಎಲ್ಲರಿಗೂ ಒಂದೊಂದು ಗೇಣು ಜಾಗ ಇತ್ತಂತೆ. ಚೂಂಗ್ ಹೇಳಿದ, ಜೈಲಲ್ಲಿ ಯಾರೂ ಎದ್ದು ಹೋಗೋ ಹಾಗಿರ್ಲಿಲ್ಲ, ಅದಕ್ಕೇ ನಿನ್ನ ಮಾತು ಕೇಳ್ತಾ ಕೂತಿದ್ರು. ಅಷ್ಟೇ. ಮೂವತ್ತು ವರ್ಷದ ಸ್ನೇಹ, ಸಕ್ಕರೆ ಡಬ್ಬಿಯ ಮೇಲೆ ಮುಗಿಯಿತು. ಹೆಂಗಸರು ಕ್ಯಾರೇ ಅನ್ನಲಿಲ್ಲ, ಹರಿರಾಯಾ ಹಬ್ಬಕ್ಕೆ ಆ ಮನೆಯಿಂದ ರೆಂದಾಂಗ್ ಮಾಂಸ ಬಂತು, ಚೀನೀ ಹೊಸ ವರ್ಷಕ್ಕೆ ಈ ಮನೆಯಿಂದ ಕಿತ್ತಳೆ ಹೋಯಿತು, ಗಂಡಸರಿಬ್ಬರೂ ಎಲ್ಲಿಂದ ಬಂತು ಎಂದು ಕೇಳದೆ ತಿಂದರು. ಅದೆಲ್ಲ ಸರಿ, ಆದರೆ ಎರಡು ತಿಂಗಳ ಹಿಂದೆ ಮಾರುಕಟ್ಟೆಯಲ್ಲಿ ಮೀನಿನವನ ಜೊತೆ ಜೊಹಾರಿ ಬಾಯ್ತುಂಬ ನಗುತ್ತಿದ್ದಾಗ ಚೂಂಗ್ ಕಂಡ, ಮೇಲಿನ ಎಡ ದವಡೆ, ಹೊಸ ಹಲ್ಲು, ಬೇರೆ ಯಾರೋ ಕೂರಿಸಿದ ಹೊಸ ಹಲ್ಲು. ಆ ಬಾಯಿ ಚೂಂಗ್‌ನದು. ನಿವೃತ್ತನಾದ ಮೇಲೂ ಆ ಒಂದು ಬಾಯಿಯನ್ನು ಅವನು ಬಿಟ್ಟಿರಲಿಲ್ಲ, ಹಳೇ ಕುರ್ಚಿಯನ್ನು ಹಿತ್ತಲ ಕೋಣೆಯಲ್ಲಿ ಇಟ್ಟಿದ್ದೇ ಅದಕ್ಕೆ, ಆ ಬಾಯಿಯ ಒಂದೊಂದು ತುಂಬುವಿಕೆಯೂ ತನ್ನ ಕೈಯದು, ಅಲ್ಲಿ ಹೋಗಿ ಮಾಲ್‌ನಲ್ಲಿ ಕೂರುವ ಯಾವಳೋ ಹಲ್ಲಿನ ಡಾಕ್ಟರ್ ಹುಡುಗಿ, ಅದೂ ಬಣ್ಣವಾದರೂ ಹೊಂದಬೇಡವೇ, ಹಲ್ಲುಗಳೆಲ್ಲ ಹಳೇ ಪಿಯಾನೋದ ಹಾಗೆ ಹಳದಿ, ನಡುವೆ ಅದೊಂದು ಬಚ್ಚಲುಮನೆಯ ಟೈಲಿನ ಹಾಗೆ ಬೆಳ್ಳಗೆ. ಅದು ನೆನಪಾಗಿ, ಬಾಯಲ್ಲಿ ಬೆಲ್ಲ ಹರಿಯುತ್ತಿದ್ದ ಹಾಗೆಯೇ, ತಿರುಪಿಗೆ ಎರಡು ಸುತ್ತು ಕೊಟ್ಟ. ಕಂಬ ಬಾಗಿತು. ಹಾಯಿಯಲ್ಲಿ ಗೆರೆ ಬಿತ್ತು. ಓಡು ಈಗ, ಅಂದ. ಆಮೇಲೆ ಬೆರಳು ಕಂಡಿತು, ನೂಲಿನ ಮೇಲಿಟ್ಟ ಬೆರಳು, ಜಾರುವ ನೂಲು, ಛೆ ಎಂದು ತಿರುಪಿಗೆ ಮತ್ತೆ ಕೈ ಹಾಕಿದ, ಅಷ್ಟರಲ್ಲಿ ಮೇ ಫೂನ್ ಹಿತ್ತಲಿಂದ, ಮಳೆ ಬಂತು, ಬಟ್ಟೆ ಬಟ್ಟೆ, ಅಲ್ಲೇನು ಪೂಜೆ ಮಾಡ್ತಾ ಕೂತಿದೀರ, ಲಾರುತ್ ಬೆಟ್ಟದ ಮಳೆ ಹೇಳಿ ಬರುವುದಿಲ್ಲ, ಓಡಿದ, ಬನಿಯನ್, ಹಾಸಿಗೆ ಚಾದರ ಬಾಚಿಕೊಂಡು ನೆನೆದು ಒಳಗೆ ಬಂದ, ತಲೆ ಒರೆಸಿಕೊಂಡ, ತಿರುಪು ಹಿಡಿದ, ಏನೋ ತಿರುಗಿಸಿದ — ತಿರುಗಿಸಿದೆನೇ, ಅಥವಾ ತಿರುಗಿಸಬೇಕು ಅಂದುಕೊಂಡೆನೇ, ತಿರುಗಿಸಿದ್ದಾದರೆ ಎಡಕ್ಕೋ ಬಲಕ್ಕೋ, ಬಲಕ್ಕಾದರೆ ಎರಡು ಹೋಗಿ ನಾಲ್ಕಾಯಿತು — ಅಷ್ಟರಲ್ಲಿ ರೊಕಿಯಾ ಬಂದು, ಮಸೀದಿ ಬಿಡ್ತು ಡಾಕ್ಟ್ರೇ, ಎಂದು ಬೆಚ್ಚಗೆ ಸುತ್ತಿ ಎತ್ತಿಕೊಂಡು ಹೊರಟೇ ಹೋದಳು.

ಈಗ ಇದು ಇವತ್ತಿನ ಕೊನೆಯ ಪಂದ್ಯ, ಕೊನೆಯ ಸುತ್ತು, ಬೆಟ್ಟದ ಮೇಲೆ ಮೋಡ ಇಳಿಯುತ್ತಿದೆ, ಸಬಾರ್ ಓಡುತ್ತಿದೆ. ಓಡುತ್ತಿದೆ ಎಂದರೆ ಓಡುತ್ತಿದೆ, ಏಳೆಂಟು ದೋಣಿಗಳಲ್ಲಿ ಎರಡನೆಯದು, ಮುಂದೆ ಇರುವುದು ಊರಿನ ವಕೀಲನೊಬ್ಬನದು ಒಂದೇ, ಹಾಗಾದರೆ ಬಿಚ್ಚಿದ್ದೆ, ದೇವರು ದೊಡ್ಡವನು, ಬಿಚ್ಚಿಯೇ ಇದ್ದೆ, ಎಂದು ಚೂಂಗ್‌ನ ಎದೆ ಹಗುರಾಗುತ್ತದೆ, ಹಗುರಾದ ಕೂಡಲೇ ಇನ್ನೊಂದು ಯೋಚನೆ, ಬೆಳಿಗ್ಗೆಯ ಎರಡು ಪಂದ್ಯಗಳಲ್ಲಿ ಗಾಳಿ ಸ್ವಲ್ಪ ಹೆಚ್ಚೇ ಇತ್ತು, ಬಿಗಿ ಇದ್ದರೂ ಓಡುತ್ತಿತ್ತು, ಈಗ ಗಾಳಿ ಬಿದ್ದಿದೆ, ಈಗ ಗೊತ್ತಾಗುತ್ತದೆ, ಸುಕ್ಕೋ ನೆರಳೋ. ಕತ್ತು ಉದ್ದ ಮಾಡಿದ. ಜೊಹಾರಿ ತಿರುಗಿ ನೋಡಿದ, ಒಂದು ಕ್ಷಣ, ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಚೂಂಗ್ ತಾನೇ ಮುಖ ತಿರುಗಿಸಿದ, ತಿರುಗಿಸುವ ಮೊದಲು ಕಂಡದ್ದು ಪೆಟ್ಟಿಗೆಯ ಮೇಲಿನ ಅವನ ಕೈ, ಕಡ್ಡಿಯ ಮೇಲೆ ಇಟ್ಟ ಬೆರಳು ನಡುಗುತ್ತಿತ್ತು, ದೋಣಿ ಮಾತ್ರ ನೇರ ಹೋಗುತ್ತಿತ್ತು, ಅದು ಹೇಗೆ, ಕೈ ನಡುಗಿದರೆ ಚುಕ್ಕಾಣಿ ನಡುಗಬೇಕಲ್ಲ, ಓ, ಹೆಬ್ಬೆರಳು ಎತ್ತಿ ಎತ್ತಿ ಇಡುತ್ತಿದ್ದಾನೆ, ಮುಟ್ಟುವುದೇ ಕಡಿಮೆ, ಗಾಳಿಗೇ ಬಿಟ್ಟಿದ್ದಾನೆ, ಜೀವಮಾನವಿಡೀ ಬೀಗ ಹಾಕಿದವನು ಈಗ ಬಿಡುವುದನ್ನು ಕಲಿತನೇ, ಅಥವಾ ಕೈಯೇ ಕಲಿಸಿತೇ, ಮನೆಯಲ್ಲಿ ಯಾರಾದರೂ ಒಬ್ಬರು ಡಾಕ್ಟರಿಗೆ ತೋರಿಸಿದರೇ, ನಿಜವಾದ ಡಾಕ್ಟರಿಗೆ, ಹಲ್ಲಿನವನಿಗಲ್ಲ, ಗೆರೆ ಇನ್ನೂ ಇದೆಯೇ, ಈಗ ಸಬಾರ್ ತೇಲುಗುಂಡಿನ ಕಡೆ ತಿರುಗುತ್ತದೆ, ತಿರುಗಿದ ಕೂಡಲೇ ಬೆಳಕು ಇನ್ನೊಂದು ಪಕ್ಕಕ್ಕೆ ಬೀಳುತ್ತದೆ, ಈಗ ಹೇಳಬಹುದು, ತಿರುಗಿತು, ಗೆರೆ — ಗೆರೆ ಇಲ್ಲ. ಇಲ್ಲ. ನೆರಳೇ. ಹಾಯಿ ತುಂಬು ಬಸುರಿಯ ಹೊಟ್ಟೆಯ ಹಾಗೆ ನುಣ್ಣಗೆ ತುಂಬಿಕೊಂಡು ಬರುತ್ತಿದೆ, ಎಷ್ಟು ಚಂದ, ಅಂಚಿನ ಎಳೆಗಳೆಲ್ಲ ನೇರ, ಎಷ್ಟು ಚಂದ ಕಟ್ಟಿದ್ದೇನೆ, ನೋಡಿ ಮಾಸ್ಟ್ರೇ ಎಂದು ಕೂಗಿ ಹೇಳಬೇಕೆನಿಸಿತು, ಹೇಳುವ ಹಾಗಿಲ್ಲ, ಉಗುಳಲೂ ಆಗದು ನುಂಗಲೂ ಆಗದು, ಎಷ್ಟು ಹತ್ತಿರ ಬರುತ್ತಿದೆ, ಯಾಕೆ ಇಷ್ಟು ಹತ್ತಿರ ಬರುತ್ತಿದೆ, ಬಲಗಾಳಿ, ಎಂದಿತು ಒಂದು ದನಿ, ಕಳೆದ ವರ್ಷದಿಂದ ಕೇಳದ ದನಿ, ಒರಟು ದನಿ, ಎಷ್ಟು ದಿನವಾಯಿತು ಇದನ್ನು ಕೇಳಿ ಎಂದುಕೊಳ್ಳುತ್ತ ಅದರ ಸುಖದಲ್ಲೇ ಚೂಂಗ್ ನಿಂತ, ಬಲಗಾಳಿ ಕಣೋ ಚೂಂಗ್, ದಾರಿ ಬಿಡೋ, ಅಂದಿತು ದನಿ, ಹೆಸರು ಹಿಡಿದು ಕರೆದ, ಎಂದು ಚೂಂಗ್‌ಗೆ ಅನಿಸುವುದಕ್ಕೂ ಎರಡನೆಯವಳು ಹೋಗಿ ತಾಳ್ಮೆಯ ಪಕ್ಕೆಗೆ ಮೂಗಿನಿಂದ ಗುದ್ದುವುದಕ್ಕೂ ಸರಿಹೋಯಿತು. ಕಂಬ ಕಂಬಕ್ಕೆ ತಗುಲಿತು, ತಂತಿ ತಂತಿಗೆ ಹೆಣೆಯಿತು, ಎರಡೂ ದೋಣಿಗಳು ಒಂದನ್ನೊಂದು ತಬ್ಬಿಕೊಂಡು, ಒಂದು ಸುತ್ತು ತಿರುಗಿ, ಮೆಲ್ಲಗೆ ತಾವರೆ ಎಲೆಗಳ ನಡುವೆ ಹೋಗಿ ಕೂತವು. ಈ ಸಲ ಗೇಣೂ ಇಲ್ಲ, ಬೆರಳಗಲವೂ ಇಲ್ಲ. ದಡದಲ್ಲಿ ಧ್ವನಿವರ್ಧಕ ಗಂಟಲು ಸರಿಮಾಡಿಕೊಂಡಿತು. ನೀವಿಬ್ಬರೂ, ಎಂದರು ತಿಲ್ಲೈನಾಥನ್ ಮಾಸ್ಟರು, ಹೋಗಿ ತಗೊಂಡು ಬನ್ನಿ. ಇಬ್ಬರೂ. ಒಟ್ಟಿಗೆ. ನಮ್ಮ ಹುಟ್ಟುದೋಣಿ ಸೋರ್ತಾ ಇದೆ, ಹಂಸದಲ್ಲಿ ಹೋಗಿ.

ಹಂಸವೆಂದರೆ ಪ್ರವಾಸಿಗಳು ತುಳಿಯುವ ದೋಣಿ, ಬಿಳಿ ಫೈಬರಿನದು, ಉದ್ದ ಕತ್ತಿನದು, ಕಣ್ಣಿಗೆ ಯಾರೋ ರೆಪ್ಪೆ ಬರೆದಿದ್ದರು, ಹೊಸ ಜೋಡಿಗಳು ಅದರಲ್ಲಿ ಕೂತು ಚಿತ್ರ ತೆಗೆಸಿಕೊಳ್ಳುತ್ತಾರೆ, ಕೂರುವ ಜಾಗವೂ ಹೊಸ ಜೋಡಿಗಳ ಅಳತೆಗೇ ಮಾಡಿದ್ದು, ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ತೊಡಿಸಿ ಇಬ್ಬರನ್ನೂ ತುರುಕಿದ ಮೇಲೆ ಚೂಂಗ್‌ನ ಎಡ ಮೊಣಕಾಲು ಜೊಹಾರಿಯ ಬಲ ಮೊಣಕಾಲಿಗೆ ಒತ್ತಿಕೊಂಡಿತು, ತುಳಿದಾಗಲೆಲ್ಲ ಒಂದು ಏಳುತ್ತದೆ ಇನ್ನೊಂದು ಇಳಿಯುತ್ತದೆ, ಹಂಸ ಕಿರುಗುಟ್ಟುತ್ತದೆ, ದಡದಲ್ಲಿ ರೊಕಿಯಾ ಮೇ ಫೂನ್ ಇಬ್ಬರೂ ಬಾಯಿಗೆ ಸೆರಗೂ ಕರವಸ್ತ್ರವೂ ಅಡ್ಡ ಹಿಡಿದು ನಿಂತಿದ್ದಾರೆ, ನೋಡಬಾರದು, ಮುಂದೆ ನೋಡಬೇಕು, ಹಂಸದ ಕತ್ತು ನೋಡಬೇಕು. ಅರ್ಧ ದಾರಿಯಲ್ಲಿ ಜೊಹಾರಿ ಕೆರೆಗೆ ಹೇಳುವವನ ಹಾಗೆ ಹೇಳಿದ, ಬಕ್ತಿಯಾರ್ ಒಳ್ಳೇ ಗಂಟು ಹಾಕ್ತಾನೆ. ಚೂಂಗ್ ತುಳಿದ. ವಸಡು ಹೊಲಿಯೋ ಗಂಟು, ಎಲ್ಲಿ ಕಲಿತನೋ ಗೊತ್ತಿಲ್ಲ. ಚೂಂಗ್ ಇನ್ನೂ ಜೋರಾಗಿ ತುಳಿದ. ದೋಣಿಯೆಲ್ಲ ಪುದೀನ ವಾಸನೆ, ನಮ್ಮನೆ ಬೆಕ್ಕು ಹತ್ರಾನೇ ಬರಲಿಲ್ಲ, ಆ ಹಲ್ಲಿನ ನೂಲನ್ನ ಈ ಊರಲ್ಲಿ ಹಾಯಿಗೆ ಕಟ್ಟೋನು ಒಬ್ಬನೇ. ಅವಳು ಕೇಳಿದಳು, ಕಟ್ಟಿದೆ, ಎಂದ ಚೂಂಗ್, ಕೇಳದಿದ್ರೆ ಕಟ್ತಿರ್ಲಿಲ್ಲ. ಗೊತ್ತು, ಎಂದ ಜೊಹಾರಿ, ನೀನು ಎಲ್ಲಾ ಚೆನ್ನಾಗೇ ಕಟ್ಟಿದ್ದೆ, ಆ ಹಿಂದಿನ ತಂತಿ ಒಂದು ಬಿಟ್ಟು, ಬಿಗಿ ಜಾಸ್ತಿ ಮಾಡಿದ್ದೆ, ಬೆಳಿಗ್ಗೆ ನಾನೇ ಕೂತ್ಕೊಂಡು ಎರಡು ಸುತ್ತು ಬಿಚ್ಚಿದೆ, ತಿರುಪು ದೊಡ್ಡದಲ್ವಾ, ಅದಾದ್ರೆ ಕೈಗೆ ಸಿಗುತ್ತೆ. ಹಂಸ ಕಿರುಗುಟ್ಟಿತು. ಬಿಚ್ಚಿರಲಿಲ್ಲ. ಹಾಗಾದರೆ ತಾನು ಬಿಚ್ಚಿರಲಿಲ್ಲ, ಬಟ್ಟೆ ತಂದದ್ದು ನಿಜ, ತಲೆ ಒರೆಸಿದ್ದು ನಿಜ, ಬಿಚ್ಚಿದ್ದು ಮಾತ್ರ ಆಸೆ, ಚೂಂಗ್‌ನ ಕಿವಿ ಬಿಸಿಯಾಯಿತು, ತಪ್ಪಾಯಿತು ಎನ್ನಲು ಬಾಯಿ ತೆರೆದ, ಜೊಹಾರಿ ಬಿಡಬೇಕಲ್ಲ, ಅವನು ಸಮಾಧಾನದ ದನಿಯಲ್ಲಿ ಮುಂದುವರಿಸಿದ, ಬೇಜಾರಾಗ್ಬೇಡ, ನಿಂದು ಯಾವತ್ತೂ ಇದೇ ಕತೆ, ಬಿಗಿಯೋದು ಒಂದೇ ಗೊತ್ತು ನಿಂಗೆ, ಮಕ್ಕಳ ಹಲ್ಲಿಗೆ ತಂತಿ ಬಿಗಿದೂ ಬಿಗಿದೂ ಕೈಗೆ ಅದೇ ಅಭ್ಯಾಸ, ಅದಕ್ಕೇ ಸಣ್ಣ ಗಾಳೀಲಿ ನಿನ್ನ ದೋಣಿ ಓಡಲ್ಲ, ನಾನು ಮೊದಲೇ ಹೇಳ್ಬೇಕಿತ್ತು, ನೊಂದ್ಕೊಳ್ತೀಯ ಅಂತ ಇಷ್ಟು ವರ್ಷ ಸುಮ್ನಿದ್ದೆ.

ಕ್ಷಮಿಸಿಬಿಟ್ಟಿದ್ದಾನೆ. ಅವನೇ ಕ್ಷಮಿಸಿಬಿಟ್ಟಿದ್ದಾನೆ, ಆದರೆ ಯಾವುದನ್ನು, ಕೆಟ್ಟತನವನ್ನಲ್ಲ, ದಡ್ಡತನವನ್ನು, ಚೂಂಗ್ ಬಾಯಿ ಮುಚ್ಚಿದರೆ ಎಲ್ಲ ಮುಗಿಯಿತು, ಸ್ನೇಹ ಮರಳಿ ಬಂತು, ರೊಕಿಯಾ ಮೇಲಿನ ಕೋಣೆಗೆ ಬರಬೇಕಾಗಿಲ್ಲ, ಮಾಡಬೇಕಾದದ್ದು ಇಷ್ಟೇ, ಹೂಂ ಎನ್ನಬೇಕು, ನನಗೆ ಹಿಂದಿನ ತಂತಿ ಬಿಗಿಯಲು ಬಾರದು ಎಂದು ಒಪ್ಪಬೇಕು, ಅಷ್ಟೇ, ತುಳಿ, ತುಳಿ, ಹಂಸದ ಕತ್ತು ನೋಡು, ಇಷ್ಟು ವರ್ಷ ಸುಮ್ಮನಿದ್ದನಂತೆ, ನೊಂದುಕೊಳ್ಳುತ್ತೇನಂತೆ, ಈ ಕೆರೆಗೆ ಹಿಂದಿನ ತಂತಿ ಸಡಿಲ ಬಿಡಬೇಕು ಎಂದು ಅವನಿಗೆ ಮೊದಲು ಹೇಳಿಕೊಟ್ಟವರು ಯಾರು, ತುಳಿ, ಕೆಟ್ಟವನೆನಿಸಿಕೊಳ್ಳುವುದಕ್ಕಿಂತ ದಡ್ಡನೆನಿಸಿಕೊಳ್ಳುವುದು ಮೇಲು, ಮೇ ಫೂನ್ ಆದರೆ ಎರಡೂ ಹೌದು ಅನ್ನುತ್ತಾಳೆ, ತುಳಿ. ನಾಳೆ ಮನೆ ಕಡೆ ಬಾ, ಎಂದ ಜೊಹಾರಿ, ತಂತಿ ಎಷ್ಟು ಬಿಗೀಬೇಕು ಅಂತ ಹೇಳ್ಕೊಡ್ತೀನಿ, ಕಷ್ಟ ಏನಿಲ್ಲ. ಬೇಕಂತಲೇ ಬಿಗಿದೆ ಕಣೋ, ಎಂದುಬಿಟ್ಟ ಚೂಂಗ್. ಜೊಹಾರಿಯ ಕಾಲು ನಿಂತಿತು. ಹಂಸ ನಿಧಾನವಾಗಿ, ಘನತೆಯಿಂದ, ಅಡ್ಡ ತಿರುಗಿತು. ಬೇಕಂತಲೇ, ಎಂದ ಜೊಹಾರಿ. ಹೂಂ, ಮೊದಲು ಸರಿಯಾಗೇ ಇಟ್ಟಿದ್ದೆ, ಚೆನ್ನಾಗಿ ಇಟ್ಟಿದ್ದೆ, ಆಮೇಲೆ ಬೇಕಂತ ಎರಡು ಸುತ್ತು ಕೊಟ್ಟೆ, ನನಗೆ ಬಿಗಿಯೋಕೂ ಗೊತ್ತು ಬಿಡೋಕೂ ಗೊತ್ತು, ನೀನೇನು ಹೇಳ್ಕೊಡ್ಬೇಕಾಗಿಲ್ಲ, ಆಮೇಲೆ ಬಿಚ್ಚೋಣ ಅಂದ್ಕೊಂಡೆ, ಮಳೆ ಬಂತು, ಬಟ್ಟೆ ತೆಗೆಯೋಕೆ ಹೋದೆ. ಅದೆಲ್ಲ ಒಂದೇ ಉಸಿರಿಗೆ ಹೊರಬಂದು, ಹೊರಬಂದ ಮೇಲೆ ಎಷ್ಟು ಹೊಲಸಾಗಿದೆ ಎಂದು ತಿಳಿದು, ಚೂಂಗ್ ನೀರು ನೋಡಿದ. ನೀರಿನಲ್ಲಿ ಒಂದು ಉಡ ಈಜುತ್ತಿತ್ತು, ಯಾರ ಗೊಡವೆಯೂ ಬೇಡದವನ ಹಾಗೆ ತಲೆಯೆತ್ತಿಕೊಂಡು. ಯಾಕೆ, ಎಂದ ಜೊಹಾರಿ, ಆ ಸಕ್ಕರೆ ಡಬ್ಬಿಗಾ. ಅಲ್ಲ, ಎಂದ ಚೂಂಗ್, ಆ ಹಲ್ಲಿಗೆ. ಜೊಹಾರಿ ನಾಲಗೆಯಿಂದ ಎಡ ದವಡೆಯನ್ನು ತಡವಿಕೊಂಡ, ಆ ಕೆನ್ನೆ ಉಬ್ಬಿ ಇಳಿಯಿತು. ಅದನ್ನ ನಾನೂ ಬೇಕಂತಲೇ ಕೂರಿಸ್ಕೊಂಡಿದ್ದು, ಅಂದ, ನಿನ್ನ ಕಣ್ಣಿಗೆ ಬೀಳ್ಲಿ ಅಂತಲೇ ಆ ಮಾರ್ಕೆಟ್‌ನಲ್ಲಿ ನಕ್ಕಿದ್ದು, ಮೀನಿನೋನು ಏನೂ ತಮಾಷೆ ಹೇಳಿರ್ಲಿಲ್ಲ, ಅವನ ಅತ್ತೆ ತೀರ್ಕೊಂಡಿದ್ರು, ಅದನ್ನ ಹೇಳ್ತಾ ಇದ್ದ. ಚೂಂಗ್ ಅವನ ಕಡೆ ತಿರುಗಿದ, ಕಳೆದ ವರ್ಷದಿಂದ ಮೊದಲ ಸಲ, ಎಷ್ಟು ಹತ್ತಿರ ಇತ್ತು ಆ ಮುಖ, ಎಷ್ಟು ಇಳಿದಿತ್ತು. ನೋವಿದೆಯಾ, ಅಂದ. ಎರಡು ತಿಂಗಳಿಂದ ಬಲಗಡೇಲೇ ಅಗೀತಾ ಇದೀನಿ, ಎಂದ ಜೊಹಾರಿ. ಬಾಯಿ ತೆಗಿ. ಇಲ್ಲೇನಾ. ತೆಗಿ ಅಂದ್ರೆ ತೆಗಿ. ಹಂಸದ ರೆಕ್ಕೆಯ ನೆರಳಿನಲ್ಲಿ ಜೊಹಾರಿ ಬಾಯಿ ತೆರೆದ, ಚೂಂಗ್ ಇಣುಕಿದ, ಎತ್ತರ ಜಾಸ್ತಿ, ಹೆಚ್ಚೇನಿಲ್ಲ, ಕೂದಲೆಳೆಯಷ್ಟು ಉಜ್ಜಿದರೆ ಸರಿಹೋಗುತ್ತದೆ, ಪಾಪದ ಹುಡುಗಿ, ಕೆಲಸ ಕೆಟ್ಟದ್ದಲ್ಲ, ಇವನು ಹೋಗಿ ಇನ್ನೊಂದು ಸಲ ತೋರಿಸಿದ್ದರೆ ಅವಳೇ ಸರಿ ಮಾಡಿಕೊಡುತ್ತಿದ್ದಳು. ಅವರೇನು ಮಾಡ್ತಿದಾರೆ ಅಲ್ಲಿ, ಎಂದು ದಡದಲ್ಲಿ ಯಾರೋ ಕೇಳಿದ್ದು ನೀರಿನ ಮೇಲೆ ತೇಲಿ ಬಂತು.

ಆಮೇಲೆ ತುಳಿದರು. ತಾವರೆ ಎಲೆಗಳ ನಡುವೆ ಎರಡು ದೋಣಿಗಳು ಇನ್ನೂ ತಬ್ಬಿಕೊಂಡೇ ಇದ್ದವು, ವಕೀಲ ಗೆದ್ದದ್ದಕ್ಕೆ ಶಿಳ್ಳೆ ಬಿತ್ತು, ಇಬ್ಬರೂ ತಿರುಗಿ ನೋಡಲಿಲ್ಲ, ಬಗ್ಗಿ ಎತ್ತಿ ಮಡಿಲಲ್ಲಿ ಇಟ್ಟುಕೊಂಡರು, ಎರಡು ಮಡಿಲಿಗೂ ಸೇರಿ ಒಂದು ಗೋಜಲು, ಯಾವ ತಂತಿ ಯಾರದು ಎಂದು ಬಿಡಿಸುತ್ತ ಕೂತರು, ಇದು ನಿಂದು, ಅಲ್ಲ ನಿಂದು, ಪುದೀನ ವಾಸನೆ ಬರುತ್ತಿದೆಯಲ್ಲ, ಎರಡೂ ಪುದೀನವೇ ಕಣೋ ಈಗ, ಸಬಾರ್‌ನ ಹಾಯಿಯ ಮೇಲಿನ ಬಳೆಯ ಗಂಟು ಹರಿದಿತ್ತು, ಇಷ್ಟಗಲದ ಹಾಯಿ ತಲೆ ಜೋಲುಬಿಟ್ಟಿತ್ತು, ಹೀಗೇ ದಡಕ್ಕೆ ಹೋದರೆ ರೊಕಿಯಾ ಮೇಲಿನ ಕೋಣೆಗೆ ಬರ್ತಾಳಂತೆ, ಎಂದ ಚೂಂಗ್, ಬರ್ಲಿ, ನಾನು ನಿನ್ನ ಹಿತ್ತಲ ಕುರ್ಚಿಗೆ ಬರ್ತೀನಿ, ಎಂದ ಜೊಹಾರಿ. ದೋಣಿ ಕೊಡುವ ಮಾತನ್ನು ಇಬ್ಬರೂ ಆಡಲಿಲ್ಲ. ಜೇಬಿನಲ್ಲಿ ನೂಲಿನ ಡಬ್ಬಿ ಇದ್ದೇ ಇತ್ತು, ಚೂಂಗ್ ಒಂದು ಎಳೆ ಹರಿದ, ಬಳೆಯೊಳಗೆ ತೂರಿಸಿದ, ಕಂಬಕ್ಕೆ ಸುತ್ತಿದ, ಒಂದು ಮಡಿಕೆ ಹಾಕಿದ, ಮೇಣದ ನೂಲು, ಒತ್ತಿ ಹಿಡಿಯದಿದ್ದರೆ ಸಡಿಲುತ್ತದೆ, ಎರಡನೆಯ ಮಡಿಕೆಗೆ ಎರಡೂ ಕೈ ಬೇಕು, ಹಲ್ಲಿನಿಂದ ಹಿಡಿಯೋಣವೆಂದು ಬಗ್ಗಿದ, ಅಷ್ಟರಲ್ಲಿ ಕೇಳದೆಯೇ ಒಂದು ಬೆರಳು ಬಂದು ಗಂಟಿನ ಮೇಲೆ ಕೂತಿತು, ಒರಟು ಉಗುರಿನ ದಪ್ಪ ಬೆರಳು, ಬೀಗದ ಕೈ ತಿರುಗಿಸಿ ತಿರುಗಿಸಿ ಪಕ್ಕ ಜಡ್ಡುಗಟ್ಟಿದ ಬೆರಳು, ಕೂತಿತು, ನಡುಗಿತು, ನೂಲು ಜಾರಿತು, ಬೆರಳು ಎದ್ದು ಮತ್ತೆ ಕೂತಿತು, ಬೆಟ್ಟದಿಂದ ಮಳೆ ಎಲೆಗಳ ಮೇಲೆ ಸದ್ದು ಮಾಡುತ್ತ ಹತ್ತಿರ ಬರುತ್ತಿದೆ, ದಡದಲ್ಲಿ ಕೊಡೆ ಬಿಚ್ಚುತ್ತಿದ್ದಾರೆ, ಬಟ್ಟೆ ಹಿತ್ತಲಲ್ಲಿದೆ, ಇರಲಿ, ಬೆರಳು ನಡುಗುತ್ತಿದೆ, ಜೊಹಾರಿ ಅದನ್ನೇ ನೋಡುತ್ತಿದ್ದಾನೆ, ಚೂಂಗ್ ನೂಲಿನ ಎರಡು ತುದಿ ಹಿಡಿದು ಕಾಯುತ್ತಿದ್ದಾನೆ, ಎಳೆದಿಲ್ಲ, ಅದು ನಿಲ್ಲಲಿ, ನಿಂತ ಕ್ಷಣ ಎಳೆಯಬೇಕು, ನಿಲ್ಲಲಿ, ನಡುಗುತ್ತಿದೆ, ನಿಲ್ಲುತ್ತದೆ, ನೂಲಿನ ಮೇಲೆ ಬೆರಳು, ಇನ್ನೇನು, ಬೆರಳು —